ಹೆಸರಿಲ್ಲದ ಚೀಲ

ಭರತ ಚೌಗಲೆ ಪ್ಯಾರಿಸ್ಸಿಗೆ ಅದೆಷ್ಟೋ ಸಲ ಹೋಗಿಬಂದಿದ್ದಾನೆ. ಐಫೆಲ್ ಟವರ್ ಮಾತ್ರ ಇದುವರೆಗೂ ಹತ್ತಿಲ್ಲ. ಹತ್ತಲಾರದ ಅಜ್ಜಿಯರು ಪ್ರತಿ ಗುಂಪಿನಲ್ಲೂ ಇದ್ದೇ ಇರುತ್ತಾರೆ. ಅವರ ಕೈಚೀಲ, ಸ್ವೆಟರು, ನೀರಿನ ಬಾಟಲಿಗಳನ್ನೆಲ್ಲ ಕಾಲಬಳಿ ಪೇರಿಸಿಕೊಂಡು ಇವನು ಕೆಳಗೆ ಬೆಂಚಿನ ಮೇಲೆ ಕುಳಿತಿರುತ್ತಾನೆ. ಮೇಲೆ ಹೋದವರು ಇಳಿದುಬಂದು, ಭರತಣ್ಣಾ ಏನ್ ಚಂದ ಕಾಣ್ತೈತಿ ಅಂತೀ, ಎನ್ನುತ್ತಾರೆ. ಇವನು ಹೌದ್ರಿ ಎನ್ನುತ್ತಲೇ ತಲೆ ಎಣಿಸತೊಡಗುತ್ತಾನೆ.

ನಿಪ್ಪಾಣಿಯ ಬಸ್ ಸ್ಟ್ಯಾಂಡಿನ ಹಿಂದೆ ಅವನ ಟೂರ್ ಆಫೀಸು. ಕಬ್ಬು ಕಾರ್ಖಾನೆಗೆ ಹೋಗಿ, ದ್ರಾಕ್ಷಿ ಪೇಟೆಗೆ ಹೋಗಿ, ಹೊಲದವರಿಗೆ ಒಂದಿಷ್ಟು ಬಿಡುವಾಗುವ ಹೊತ್ತಿಗೆ ಅಥಣಿ, ಕಾಗವಾಡ, ಚಿಕ್ಕೋಡಿ ಕಡೆಯ ಜೈನ ಮನೆಗಳಿಂದ ಒಂದು ಗುಂಪು ಕಟ್ಟಿಕೊಂಡು ಯುರೋಪಿಗೆ ಹೊರಡುವುದು ಅವನ ಕಸುಬು. ನಲವತ್ತು ದಾಟಿದೆ. ಮದುವೆಯಾಗಿಲ್ಲ. ತಂಗಿಯರನ್ನು ಒಬ್ಬೊಬ್ಬರಾಗಿ ದಾಟಿಸುವಷ್ಟರಲ್ಲಿ ಹೆಣ್ಣು ಕೊಡುವವರು ಬರುವುದು ನಿಂತಿತ್ತು. ಕಂಡಕಂಡ ಹೊತ್ತಿಗೆ ಉಂಡು ಹೊಟ್ಟೆ ಕೆಟ್ಟಿದೆ. ಅಂಗಿಯ ಜೇಬಿನಲ್ಲಿ ಯಾವಾಗಲೂ ಆಸಿಡಿಟಿಯ ಗುಳಿಗೆ.

ಈ ಸಲದ್ದೇ ಕೊನೆಯ ಟೂರು ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದ. ಪುಣೆಯಲ್ಲಿ ಅವನ ಸೋದರಮಾವನ ಮಗ ದೊಡ್ಡ ಟ್ರಾವೆಲ್ಸ್ ನಡೆಸುತ್ತಾನೆ. ಫ್ಯಾನಿನ ಕೆಳಗೆ ಕುಳಿತು ಟಿಕೆಟ್ ನೋಡಿಕೊಂಡರೆ ಸಾಕು ಎಂದು ಕರೆದಿದ್ದಾನೆ. ಟೂರಿನಿಂದ ಬಂದ ಮೇಲೆ ನಿಪ್ಪಾಣಿಯ ಆಫೀಸಿಗೆ ಬೀಗ. ಯಾಕಪ್ಪಾ ಅಂದವರಿಗೆಲ್ಲ, ಸಾಕಾಗೇತ್ರಿ, ಎಂದಷ್ಟೇ ಹೇಳಿದ್ದ. ಅದು ಸುಳ್ಳೇನಲ್ಲ. ಆದರೆ ಸಾಕಾಗಿದ್ದಕ್ಕೆ ಇನ್ನೊಂದು ಕಾರಣ ಕಾಗವಾಡದಲ್ಲಿತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಕಾಗವಾಡದಲ್ಲಿ ನೀಲಮ ಇದ್ದಳು.

ಗಂಡ ತೀರಿಕೊಂಡು ಬಹಳ ವರ್ಷವಾಗಿದ್ದ ನೀಲಮ, ಅತ್ತೆ ಮಲಕವ್ವನ ಜೊತೆ ದ್ರಾಕ್ಷಿ ತೋಟ ನೋಡಿಕೊಂಡು, ಅದರ ಪಕ್ಕದ ಒಣದ್ರಾಕ್ಷಿ ಶೆಡ್ಡಿನಲ್ಲಿ ಟೂರಿನವರಿಗೆ ಬುತ್ತಿ ಕಟ್ಟಿಕೊಡುತ್ತಿದ್ದಳು. ಈ ಬುತ್ತಿಯೆಂದರೆ ಹುಡುಗಾಟವಲ್ಲ. ಒಬ್ಬರು ಬೆಳ್ಳುಳ್ಳಿ ಮುಟ್ಟುವುದಿಲ್ಲ, ಅದು ಬಿಡಿ, ಯಾರೂ ಮುಟ್ಟುವುದಿಲ್ಲ. ಒಬ್ಬರು ತುಪ್ಪ ಬಿಟ್ಟಿದ್ದಾರೆ, ಒಬ್ಬರು ಅಷ್ಟಮಿ ಚತುರ್ದಶಿಗೆ ಹಸಿರು ತಿನ್ನುವುದಿಲ್ಲ, ಒಬ್ಬರು ಗುರುಗಳ ಮುಂದೆ ಬೆಲ್ಲ ತ್ಯಾಗ ಮಾಡಿ ಬಂದಿದ್ದಾರೆ. ಒಬ್ಬೊಬ್ಬರದು ಒಂದೊಂದು ನೇಮ. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಬಟ್ಟೆಯ ಚೀಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಬಿಸಿನೀರು ಹಾಕಿದರೆ ಅರಳುವ ಉಪ್ಪಿಟ್ಟು, ಎಲ್ಲ ಅವರವರ ನೇಮಕ್ಕೆ ತಕ್ಕಂತೆ. ಚೀಲದ ಬಾಯಿಗೆ ಹೊಲಿದ ಬಿಳಿ ಪಟ್ಟಿಯ ಮೇಲೆ ನೀಲಮನ ದುಂಡನೆಯ ಅಕ್ಷರದಲ್ಲಿ ಅವರವರ ಹೆಸರು.

ಎಲ್ಲರ ಹೆಸರೂ ಇರುತ್ತಿತ್ತು. ಗುಂಪಿನ ಜೊತೆ ಬರುವ ಅಡುಗೆಯವನದೂ ಇರುತ್ತಿತ್ತು. ಭರತನದು ಮಾತ್ರ ಒಂದು ವರ್ಷವೂ ಇರಲಿಲ್ಲ.

ಮೊದಲ ವರ್ಷ ಮರೆತಿರಬೇಕು ಎಂದುಕೊಂಡ. ಎರಡನೆಯ ವರ್ಷ ಮನಸ್ಸಿಗೆ ಸಣ್ಣಗೆ ನೋವಾಯಿತು. ಆಮೇಲಾಮೇಲೆ ಅವಳು ತನ್ನನ್ನು ಲೆಕ್ಕಕ್ಕೇ ಹಿಡಿದಿಲ್ಲ ಎಂಬುದು ಖಾತ್ರಿಯಾಯಿತು. ಊರಿನ ಹೆಂಗಸರೆಲ್ಲ ಅವನನ್ನು ಬಾಯಿತುಂಬ ಭರತಣ್ಣಾ ಎನ್ನುತ್ತಾರೆ. ನೀಲಮ ಒಮ್ಮೆಯೂ ಅಂದಿಲ್ಲ. ಫೋನಿನಲ್ಲಿ, ಕಾಗವಾಡದಿಂದ ಮಾತಾಡಾಕತ್ತೀನ್ರಿ, ಎಂದು ಶುರುಮಾಡಿ, ಇಡ್ತೀನ್ರಿ, ಎಂದು ಮುಗಿಸುತ್ತಾಳೆ. ಇವನಿಗೂ ಬೇರೆಯವರಂತೆ ಅವಳನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯಲು ನಾಲಿಗೆ ಹೊರಳುವುದಿಲ್ಲ, ನೀಲಮ ಅವರೇ ಎನ್ನುತ್ತಾನೆ. ಟೆಂಪೊ ಟ್ರಾವೆಲರಿನ ಡ್ರೈವರ್ ಯಾಕೂಬ ಇದನ್ನು ಗಮನಿಸಿ, ಅಣ್ಣಾ, ನೀವ ಅವರನ್ನ ಕರಿಯೂದು ನೋಡಿದ್ರ ಕೋರ್ಟಿನ್ಯಾಗ ಸಾಕ್ಷಿ ಕರದಂಗ ಇರ್ತೈತಿ, ಎಂದು ಛೇಡಿಸಿದ್ದ.

ಇಷ್ಟೆಲ್ಲ ಚೀಲಗಳ ಜೊತೆ ಪ್ರತಿವರ್ಷ ಹೆಸರು ಬರೆಯದ ಒಂದು ಚೀಲವೂ ಬರುತ್ತಿತ್ತು. ಯಾರದಾದರೂ ಕಳೆದರೆ ಇರಲಿ ಎಂದು ಕೊಟ್ಟ ಸ್ಪೇರ್ ಅದು ಎಂದು ಭರತ ತಿಳಿದಿದ್ದ. ಅದು ಉಪಯೋಗಕ್ಕೂ ಬರುತ್ತಿತ್ತು. ಒಂದು ಸಲ ರೋಮಿನ ಬಸ್ಸಿನಲ್ಲಿ ಚೀಲ ಬಿಟ್ಟುಬಂದವರಿಗೆ ಕೊಟ್ಟ. ಇನ್ನೊಂದು ಸಲ ಅಳುತ್ತಿದ್ದ ರಾಯಬಾಗದ ಮುದುಕಿಗೆ ಕೊಟ್ಟ. ತಿರುಗಿ ಬಂದ ಮೇಲೆ ಕಾಗವಾಡಕ್ಕೆ ಹೋಗಿ, ನಿಮ್ಮ ಸ್ಪೇರ್ ಚೀಲ ಭಾಳ ಉಪಯೋಗ ಆತ್ರಿ, ಎಂದು ಉಪಕಾರ ನೆನೆಯುತ್ತಿದ್ದ. ಅವಳು ಒಂದು ಗಳಿಗೆ ಅವನ ಮುಖ ನೋಡಿ, ಹೌದ್ರಿ, ಚಲೋ ಆತ್ರಿ, ಎಂದು ಒಳಗೆ ಹೋಗುತ್ತಿದ್ದಳು.

ಆ ಒಂದು ಗಳಿಗೆಯ ನೋಟಕ್ಕಾಗಿಯೇ ಅವನು ಮುಂದಿನ ವರ್ಷದ ಗುಂಪು ಕಟ್ಟುತ್ತಿದ್ದ ಎಂದರೆ ನಗಬೇಡಿ.

ಈ ವರ್ಷದ ಗುಂಪಿನಲ್ಲಿ ಮಲಕವ್ವನೂ ಇದ್ದಳು. ಎಪ್ಪತ್ತರ ಮೇಲಿನ ಹೆಣ್ಣುಮಗಳು, ಶ್ರವಣಬೆಳಗೊಳದ ಬೆಟ್ಟ ಹತ್ತಿಬಂದಿದ್ದೇ ಅವಳ ಈವರೆಗಿನ ದೊಡ್ಡ ಪ್ರವಾಸ. ಸಾಯುವುದರೊಳಗೆ ಬರ್ಫದ ಗುಡ್ಡ ನೋಡಬೇಕು ಎಂದು ಹಟ ಹಿಡಿದು ಸೊಸೆಯಿಂದ ಹೆಸರು ಹಚ್ಚಿಸಿದ್ದಳು. ನೀವೂ ಬರ್ರಿ ಎಂದು ಭರತ ನೀಲಮನಿಗೆ ಒಂದು ಸಲ ಹೇಳಿ ನೋಡಿದ್ದ. ರೆಂಬೆ ಸವರುವ ಚಾಟಣಿ ಮುಗಿದು ದ್ರಾಕ್ಷಿ ಬಳ್ಳಿಗಳು ಹೊಸ ಚಿಗುರು ಬಿಟ್ಟಿವೆ, ಅವನ್ನು ಬಿಟ್ಟು ಎಲ್ಲಿಗೆ ಬರಲಿ, ಎಂದು ಅವಳು ಸೆರಗಿನಿಂದ ಹಣೆ ಒರೆಸಿಕೊಂಡಿದ್ದಳು.

ತಯಾರಿಯ ಸಭೆ ಏಪ್ರಿಲ್‌ನಲ್ಲಿ ಅವಳ ಶೆಡ್ಡಿನಲ್ಲೇ ನಡೆಯಿತು. ಜಮಖಾನೆಯ ಮೇಲೆ ಕುಳಿತವರಿಗೆ ಭರತ ಪ್ರತಿವರ್ಷ ಹೇಳಿದ್ದನ್ನೇ ಮತ್ತೆ ಹೇಳಿದ. ಬೂಟು ಈಗಲೇ ಕೊಂಡು ದಿನಾ ನಡೆದು ರೂಢಿ ಮಾಡಿಕೊಳ್ಳಿ, ಹೊಸ ಬೂಟಿನಲ್ಲಿ ವಿಮಾನ ಹತ್ತಿದರೆ ಮೂರನೆಯ ದಿನವೇ ಅಂಗಾಲಿನಲ್ಲಿ ಗುಳ್ಳೆ ಏಳುತ್ತವೆ. ಸೀರೆಯ ಒಳಗೆ ಹಾಕಿಕೊಳ್ಳಲು ಥರ್ಮಲ್ ತಗೊಳ್ಳಿ. ಬಿಪಿ ಸಕ್ಕರೆಯ ಗುಳಿಗೆಗಳನ್ನು ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲೇ ಇಡಿ. ಪಾಸ್‌ಪೋರ್ಟನ್ನು ದೇವರ ಜಗುಲಿಯ ಮೇಲೆ ಇಟ್ಟು ಬರಬೇಡಿ, ಹಿಂದೊಮ್ಮೆ ಹಾಗಾಗಿದೆ.

ಮಲಕವ್ವನಿಗೆ ಇದಾವುದರ ಚಿಂತೆಯೂ ಇರಲಿಲ್ಲ. ಹೊತ್ತು ಮುಳುಗಿದ ಮೇಲೆ ತಾನು ಹನಿ ನೀರೂ ಮುಟ್ಟುವುದಿಲ್ಲ, ಅಲ್ಲಿ ಹೊತ್ತು ಎಷ್ಟಕ್ಕೆ ಮುಳುಗುತ್ತದೆ, ಎಂದು ಕೇಳಿದಳು. ರಾತ್ರಿ ಒಂಬತ್ತೂವರೆ ಆಗುತ್ತದೆ ಎಂದು ಭರತ ಹೇಳಿದಾಗ ಜಮಖಾನೆಯ ಮೇಲಿದ್ದವರೆಲ್ಲ ಬಾಯಿಮೇಲೆ ಕೈಯಿಟ್ಟುಕೊಂಡರು.

"ಹಂಗಾದ್ರ ನಡಕ ಎಷ್ಟ ಸಲ ಹಸೀತೈತೋ ಏನೋ," ಎಂದಳು ಮಲಕವ್ವ. "ನೀಲಾ, ನನ್ನ ಚೀಲದಾಗ ಇನ್ನೊಂದಿಷ್ಟ ರೊಟ್ಟಿ ಹಾಕಬೇ."

ಎಲ್ಲರೂ ನಕ್ಕರು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ನೀಲಮನೂ ನಕ್ಕಳು. ನಕ್ಕ ಕಣ್ಣು ಹಾಗೇ ಹೊರಳಿ ಭರತನ ಮೇಲೆ ಬಂದು ನಿಂತಿತು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಕೈಯಲ್ಲಿ ಶೇಂಗಾ ಹೊಟ್ಟು ಅಂಟಿತ್ತು, ಮುಂಗೂದಲಿನಲ್ಲಿ ಒಂದು ಬಿಳಿ ಎಳೆ ಈ ವರ್ಷ ಹೊಸದಾಗಿ ಬಂದಿತ್ತು. ಅವನಿಗೆ ಆ ಎಳೆಯ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು. ಮುಂದೆ ಏನು ಹೇಳಬೇಕೆಂಬುದು ಮರೆತು, ಬೂಟಿನ ವಿಷಯವನ್ನೇ ಇನ್ನೊಮ್ಮೆ ಹೇಳಿದ.

ಮರುವಾರ ವೀಸಾದ ಬೆರಳಚ್ಚು ಕೊಡಲು ಎಲ್ಲರನ್ನೂ ಯಾಕೂಬನ ಗಾಡಿಯಲ್ಲಿ ಪುಣೆಗೆ ಕರೆದೊಯ್ದ. ಅತ್ತೆಗೆ ಜೊತೆಯೆಂದು ನೀಲಮನೂ ಬಂದಳು. ಒಳಗೆ ಬಿಡುವುದಿಲ್ಲವಾದ್ದರಿಂದ ಅವಳು ಹೊರಗೆ ಕುಳಿತಳು, ಭರತ ಮಲಕವ್ವನ ಕೈಹಿಡಿದು ಒಳಗೆ ಹೋದ.

ಎಲ್ಲ ಸರಿಯಾಗಿಯೇ ನಡೆಯಿತು. ಕೊನೆಗೆ ಗಾಜಿನ ಹಿಂದಿನ ಹುಡುಗಿ ಕಾಗದ ತಾಳೆ ನೋಡುತ್ತಾ ಗಂಡನ ಹೆಸರು ಕೇಳಿದಳು. ಮಲಕವ್ವ ಸುಮ್ಮನಾದಳು. ಹುಡುಗಿ ಹಿಂದಿಯಲ್ಲಿ ಕೇಳಿದಳು, ಮರಾಠಿಯಲ್ಲಿ ಕೇಳಿದಳು. ಮಲಕವ್ವ ಸೆರಗು ಎಳೆದುಕೊಂಡು ಗೋಡೆಯ ಮೇಲಿನ ಗಡಿಯಾರ ನೋಡತೊಡಗಿದಳು. ಬರ್ಫದ ಗುಡ್ಡ ಹೋದರೆ ಹೋಗಲಿ, ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲ ಅವಳು. ಹಿಂದೆ ಸಾಲು ಬೆಳೆಯಿತು. ಕಡೆಗೆ ಭರತನೇ ಗಾಜಿಗೆ ಬಾಯಿ ಹಚ್ಚಿ, ಲಗಮಣ್ಣ, ಎಂದ. ಮಲಕವ್ವನ ಕೆನ್ನೆ ಆ ವಯಸ್ಸಿನಲ್ಲೂ ಕೆಂಪಾದದ್ದನ್ನು ಅವನು ಕಂಡ.

ಬರುವಾಗ ನಿಪ್ಪಾಣಿಯವರನ್ನು ಮೊದಲು ಇಳಿಸಬೇಕಿತ್ತು. ಕೊಗನೊಳ್ಳಿಯ ಹತ್ತಿರ, ಹೊತ್ತು ಇನ್ನೂ ಇರುವಾಗಲೇ, ಯಾಕೂಬ ಚಹಾಕ್ಕೆ ಗಾಡಿ ನಿಲ್ಲಿಸಿದ. ಮುದುಕರೆಲ್ಲ ಗಾಡಿಯಲ್ಲೇ ತೂಕಡಿಸುತ್ತಿದ್ದರು. ಭರತ ಮತ್ತು ನೀಲಮ ಹೆದ್ದಾರಿಯ ಪಕ್ಕದ ಕಟ್ಟೆಯ ಮೇಲೆ, ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ ಬಿಟ್ಟು ಕುಳಿತರು. ಭರತ ಗಾಜಿನ ಮುಂದೆ ನಡೆದ ಅತ್ತೆಯ ಕಥೆ ಹೇಳಿದ. ಅವಳು ನಗುತ್ತಾಳೆಂದುಕೊಂಡಿದ್ದ. ಅವಳು ನಗಲಿಲ್ಲ.

"ನಾನೂ ಹೇಳ್ತಿರಲಿಲ್ರಿ," ಎಂದಳು, ಗ್ಲಾಸು ಎರಡೂ ಕೈಯಲ್ಲಿ ಹಿಡಿದು. "ಅವರು ಹ್ವಾದ ಮ್ಯಾಲ ಬ್ಯಾಂಕಿನವರು ಕೇಳಿದ್ರು, ಹೊಲದ ಕಾಗದಕ್ಕ ತಲಾಟಿ ಕೇಳಿದ, ಸೊಸೈಟಿಯವರು ಕೇಳಿದ್ರು. ಎಲ್ಲಾರ ಮುಂದ ಹೇಳಿ ಹೇಳಿ, ಬರೇ ಕಾಗದದಾಗಿನ ಹೆಸರಾಗಿಬಿಡ್ತು. ನನ್ನ ಬಾಯಾಗ ಇದ್ದದ್ದು ಹೋತು. ಅವತ್ತ ಅನ್ಕೊಂಡೆ, ಇನ್ನ ಮನಸಿನ್ಯಾಗಿನ ಹೆಸರ ಹೇಳಬಾರದು, ಬರೀಬಾರದು."

ಇನ್ನೂ ಗಂಡನನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆ ಎಂದುಕೊಂಡ ಭರತ. ಇರಲಿ, ಅದರಲ್ಲಿ ತಪ್ಪೇನು. ತನ್ನದೇ ತಪ್ಪು. ಟೂರಿಗೆ ಮುಂಚೆ ಒಮ್ಮೆ ಕೇಳಿಯೇಬಿಡಬೇಕು ಎಂದು ಪುಣೆಯವರೆಗೂ ಮನಸ್ಸಿನಲ್ಲಿ ಹೊಸೆದುಕೊಂಡು ಹೋಗಿದ್ದ ಮಾತು ಅಲ್ಲಿಗೇ ಮುಗಿಯಿತು. ಕೇಳುವ ಬದಲು ಹೇಳಿದ.

"ಇದ ನಂದು ಕಡೇ ಟೂರ್ರಿ. ಆಷಾಢಕ್ಕ ಪುಣೆಕ್ಕ ಹೊಂಟೇನಿ. ಅಲ್ಲೇ ಇರೂದು."

ಅವಳು ಗ್ಲಾಸು ಕಟ್ಟೆಯ ಮೇಲಿಟ್ಟು ಕೇಳಿದಳು, "ಅಲ್ಲಿ ಊಟದ್ದು ಹ್ಯಾಂಗ್ರಿ?"

"ಮೆಸ್ ಐತ್ರಿ."

"ಮೆಸ್ಸಿನ್ಯಾಗ ಖಾರ ಭಾಳ ಇರ್ತೈತಿ," ಎಂದಳು. ಎದ್ದು ಗ್ಲಾಸು ಕೊಟ್ಟುಬರಲು ಹೋದವಳು ತಿರುಗಿ ಕಟ್ಟೆಗೆ ಬರಲಿಲ್ಲ. ನೇರ ಗಾಡಿ ಹತ್ತಿ ಅತ್ತೆಯ ಪಕ್ಕ ಕಣ್ಣುಮುಚ್ಚಿ ಕುಳಿತುಬಿಟ್ಟಳು. ಕಾಗವಾಡದವರೆಗೆ ಯಾಕೂಬ ಕನ್ನಡಿಯಲ್ಲಿ ಒಮ್ಮೆ ಅವಳನ್ನು, ಒಮ್ಮೆ ಇವನನ್ನು ನೋಡುತ್ತಾ, ಹಾಡು ಸಹ ಹಚ್ಚದೆ ಗಾಡಿ ಓಡಿಸಿದ.

ಹೊರಡುವ ಹಿಂದಿನ ದಿನ ಎಲ್ಲರೂ ಪೆಟ್ಟಿಗೆ ಹೊತ್ತುಕೊಂಡು ಶೆಡ್ಡಿಗೆ ಬಂದರು. ಒಣದ್ರಾಕ್ಷಿಯ ಡಬ್ಬಿ ತೂಗುವ ಕಾಟಾದ ಮೇಲೆ ಯುರೋಪಿಗೆ ಹೋಗುವ ಪೆಟ್ಟಿಗೆಗಳನ್ನು ತೂಗುವುದು ಇಲ್ಲಿಯ ಪದ್ಧತಿ. ವಿಮಾನದವರು ಮುಂಬಯಿಯಲ್ಲಿ ಪೆಟ್ಟಿಗೆ ಬಿಚ್ಚಿಸಿ, ಎಲ್ಲರೆದುರು ಒಳಗಿನ ಸೀರೆ ಕುಬಸ ತೆಗೆಸುವುದಕ್ಕಿಂತ ಇಲ್ಲೇ ತೆಗೆಯುವುದು ವಾಸಿ.

ಮಲಕವ್ವನ ಪೆಟ್ಟಿಗೆ ಇಟ್ಟ ಕೂಡಲೇ ಕಾಟಾ ಹೌಹಾರಿತು. ಭರತ ಬಿಚ್ಚಿ ನೋಡಿದರೆ ಥರ್ಮಲ್‌ಗಳ ನಡುವೆ ಹಿತ್ತಾಳೆಯ ತಂಬಿಗೆ, ನೀರು ಸೋಸುವ ಬಟ್ಟೆಗಳ ಒಂದು ಗಂಟು, ಮತ್ತೆ ಅಡಿಯಲ್ಲಿ ಸಣ್ಣದೊಂದು ಕಲ್ಲಿನ ಖಲಬತ್ತು. ಇದ್ಯಾಕ ಆಯಿ, ಎಂದರೆ, ಅಲ್ಲಿ ಯಾಲಕ್ಕಿ ಕುಟ್ಟಬೇಕಾದರೆ ಯಾರ ಮನೆಗೆ ಹೋಗಲಿ, ಎಂದು ಅವನನ್ನೇ ಕೇಳಿದಳು. ಖಲಬತ್ತು ಹೊರಗೆ ತೆಗೆಯುವಷ್ಟರಲ್ಲಿ ಅವನ ಅರ್ಧ ಜೀವ ಹೋಯಿತು.

ಬೆಳಗಿನಿಂದ ಇದೇ ನಡೆದಿತ್ತು. ತೂಗು, ಬಿಚ್ಚು, ತೆಗೆ, ಕಟ್ಟು. ಬಿಸಿಲು ಇಳಿಯುವ ಹೊತ್ತಿಗೆ ಅವನ ಸೊಂಟ ಬಿದ್ದುಹೋಗಿತ್ತು. ನೀಲಮ ಒಳಗಿನಿಂದ ಚೀಲಗಳನ್ನು ತಂದು ತಂದು ಜಮಖಾನೆಯ ಮೇಲೆ ಇಡುತ್ತಿದ್ದಳು. ಇಡುವಾಗ ಅವನ ಕಡೆ ನೋಡಲಿಲ್ಲ. ಕೊನೆಯದಾಗಿ ಹೆಸರಿಲ್ಲದ ಚೀಲ ತಂದಿಟ್ಟು, ಅದರ ಖಾಲಿ ಪಟ್ಟಿಯನ್ನು ಬೆರಳಿನಿಂದ ಒಮ್ಮೆ ನೇರಮಾಡಿ ಒಳಗೆ ಹೋದಳು.

ಭರತ ಒಂದೊಂದೇ ಹೆಸರು ಓದಿ ಚೀಲ ಹಂಚಿದ. ಅಥಣಿಯ ಜಿನೇಂದ್ರ ಕಾಕಾ ಎರಡನೆಯ ಸಲ ಯುರೋಪಿಗೆ ಬರುತ್ತಿರುವವರು. ರೋಮಿನ ಬಸ್ಸಿನಲ್ಲಿ ಚೀಲ ಬಿಟ್ಟುಬಂದ ಪುಣ್ಯಾತ್ಮರು ಅವರೇ. ತಮ್ಮ ಚೀಲವನ್ನು ಎದೆಗವಚಿಕೊಂಡು, ಹೆಸರಿಲ್ಲದ ಚೀಲದ ಕಡೆ ಗದ್ದ ತೋರಿಸಿದರು.

"ಈ ಸಲ ನನಗದು ಬ್ಯಾಡಪಾ ಭರತಾ. ಹ್ವಾದ ಸಲ ಅದನ್ನ ತಿಂದು ನಾಲಿಗಿ ಸತ್ತಹೋಗಿತ್ತು. ಚಟ್ನಿಗೆ ಖಾರಿಲ್ಲ, ಹಿಂಡಿಗೆ ಹುಳಿ ಇಲ್ಲ. ಯಾರೋ ಹೊಟ್ಟಿ ಕೆಟ್ಟವರಿಗೆ ಮಾಡಿದಂಗಿತ್ತು. ಆದ್ರ ಅದರಾಗಿನ ಶೇಂಗಾ ಹೋಳಿಗಿ ಮಾತ್ರ ಭಾರಿ ಇದ್ದೂ ನೋಡ. ನನ್ನ ಚೀಲದಾಗ ಹೋಳಿಗಿ ಯಾಕಿಲ್ಲೋ?"

ಶೇಂಗಾ ಹೋಳಿಗೆ ಯಾರ ಚೀಲದಲ್ಲೂ ಇರುವುದಿಲ್ಲ. ಬುತ್ತಿಯ ಯಾದಿಯಲ್ಲೇ ಅದಿಲ್ಲ. ಭರತನ ಕೈ ತಾನಾಗಿ ಜೇಬಿನ ಗುಳಿಗೆಯ ಪಟ್ಟಿಯ ಮೇಲೆ ಹೋಯಿತು.

ಮೊಟ್ಟಮೊದಲ ವರ್ಷ ಈ ಶೆಡ್ಡಿಗೆ ಬಂದಾಗ ನೀಲಮ ರೊಟ್ಟಿ ಚಟ್ನಿ ತಂದಿಟ್ಟಿದ್ದಳು. ಖಾರ ನಡೆಯೂದಿಲ್ರಿ, ಹೊಟ್ಟಿ ಉರೀತೈತಿ, ಎಂದು ಅವನು ತಟ್ಟೆ ಸರಿಸಿದ್ದ. ಅವಳು ಒಳಗೆ ಹೋಗಿ ಹಬ್ಬಕ್ಕೆ ಮಾಡಿದ್ದ ಶೇಂಗಾ ಹೋಳಿಗೆ ತಂದಳು. ಒಂದು ತಿಂದ, ಇನ್ನೊಂದು ಕೇಳಿ ತಿಂದ. ಅದು ಅವನಿಗೇ ಮರೆತುಹೋಗಿತ್ತು.

ಅವನು ಬಾಗಿ ಆ ಚೀಲದ ಬಾಯಿ ಬಿಚ್ಚಿದ. ಎಲ್ಲಕ್ಕಿಂತ ಮೇಲೆ, ಬಾಳೆಎಲೆಯಲ್ಲಿ ಸುತ್ತಿದ ಹೋಳಿಗೆಗಳಿದ್ದವು. ಇನ್ನೂ ಬೆಚ್ಚಗಿದ್ದವು.

"ಆಯಿ," ಎಂದ, ಖಾಲಿ ಪಟ್ಟಿ ಹಿಡಿದು ತೋರಿಸಿ. "ಇದ ಯಾರ್ದು? ಹೆಸರಿಲ್ಲಲ್ಲ."

ಮಲಕವ್ವ ತನ್ನ ಪೆಟ್ಟಿಗೆಯ ಮೇಲೆಯೇ ಕುಳಿತು ಹೊಸ ಬೂಟಿನ ದಾರ ಬಿಗಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು.

"ಪುಣೆದಾಗ ನಾನೂ ಹೆಸರ ಹೇಳಲಿಲ್ಲ. ಅಂದ್ರ ನನಗ ಗಂಡ ಇರಲಿಲ್ಲೇನೋ?"

ಮಲಕವ್ವ ದಾರಕ್ಕೆ ಇನ್ನೊಂದು ಗಂಟು ಹಾಕಿದಳು.

"ಆರ ವರ್ಷದಿಂದ ನಾನೂ ನೋಡಾಕತ್ತೇನಿ. ನನ್ನ ಕಣ್ಣಿಗೇನ ಪೊರಿ ಬಂದಿಲ್ಲ. ನಾ ಬರ್ಫದ ಗುಡ್ಡ ನೋಡಿ ಬರೂದರಾಗ ನೀವಿಬ್ಬರೂ ಏನರೆ ಒಂದ ಮಾತಾಡ್ರಿ ಅಂತ ಇದ್ದೆ. ನೀ ನೋಡಿದ್ರ ಪುಣೆಕ್ಕ ಹೊಂಟಿ. ಹೋಗ, ಒಳಗ ಅದಾಳ."

ಭರತ ಚೀಲ ಎತ್ತಿಕೊಂಡ. ಪೆಟ್ಟಿಗೆಗಳ ಮೇಲೆ ಹೆಸರು ಬರೆಯುವ ಕಪ್ಪು ಮಾರ್ಕರ್ ಪೆನ್ನು ಇನ್ನೂ ಅವನ ಬೆರಳಲ್ಲೇ ಇತ್ತು.

ಒಳಗೆ ನೀಲಮ ಒಲೆಯ ಮುಂದೆ ಖಾಲಿ ಪರಾತಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ಹಿಂಬಾಗಿಲಿನಿಂದ ದ್ರಾಕ್ಷಿಯ ಚಪ್ಪರ ಕಾಣುತ್ತಿತ್ತು, ಅದರ ಆಚೆ ಹೊತ್ತು ಇಳಿಯುತ್ತಿತ್ತು. ಹೆಜ್ಜೆ ಕೇಳಿ ತಿರುಗಿದಳು. ಅವನ ಕೈಯಲ್ಲಿದ್ದ ಚೀಲ ನೋಡಿದಳು, ಬಿಚ್ಚಿದ ಬಾಯಿ ನೋಡಿದಳು. ಕೈಯಲ್ಲಿದ್ದ ಪರಾತವನ್ನು ಮೆಲ್ಲಗೆ ಕೆಳಗಿಟ್ಟಳು.

"ಆರ ವರ್ಷ ಇದನ್ನ ಮಂದಿಗೆ ಕೊಟ್ಟೆನ್ರಿ," ಎಂದ ಭರತ.

"ಗೊತ್ತೈತ್ರಿ. ಪ್ರತಿ ಸಲ ಬಂದು ಹೇಳತಿದ್ರಲ್ಲ, ಭಾಳ ಉಪಯೋಗ ಆತು ಅಂತ."

"ಮತ್ತ ಯಾಕ ಮಾಡತಿದ್ರಿ?"

ಅವಳು ಗೋಡೆಗೆ ಒರಗಿದಳು. ದಿನವೆಲ್ಲ ನಿಂತ ಕಾಲು ಅವಳಿಗೂ ಸೋತಿದ್ದವು. "ಒಂದ ವರ್ಷರೆ ನಿಮಗ ಹಸಿವಿ ಆದೀತು, ಬಿಚ್ಚಿ ನೋಡೀರಿ ಅಂತ," ಎಂದಳು. ಸೆರಗಿಗೆ ಕೈ ಒರೆಸಿಕೊಂಡು ಸೇರಿಸಿದಳು, "ಮೊದಲನೇ ವರ್ಷ ಎಲ್ಲಾರ ಹೆಸರೂ ಬರದೆ. ನಿಮ್ಮದು ಬರೀಬೇಕು ಅಂತ ಪೆನ್ನ ಹಚ್ಚಿದೆ. ಕೈ ನಡೀಲಿಲ್ಲ. ಅವತ್ತೇ ನನಗ ಗೊತ್ತಾಗಿಹೋತು. ನನಗೇ ಹೆದರಿಕಿ ಆತ್ರಿ."

ಭರತ ಆರು ವರ್ಷ ಅವಳ ಬಾಯಲ್ಲಿ ತನ್ನ ಹೆಸರು ಬರಲಿಲ್ಲವೆಂದು ಕೊರಗಿದವನು. ಆ ಕೊರಗನ್ನೆಲ್ಲ ಈಗ ಎಲ್ಲಿ ಇಡುವುದೆಂದು ತಿಳಿಯದೆ ನಿಂತ. ಕಣ್ಣು ತುಂಬಿಬಂದವು. ನಲವತ್ತು ದಾಟಿದ ಗಂಡಸು, ಹೊರಗೆ ಊರಿನ ಮಂದಿಯೆಲ್ಲ ಕಿವಿ ನೆಟ್ಟು ಕುಳಿತಿದ್ದಾರೆ. ಆದರೆ ಅದಕ್ಕೆಲ್ಲ ನಾಚಲು ಅವನಲ್ಲಿ ಶಕ್ತಿ ಉಳಿದಿರಲಿಲ್ಲ. ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದ.

"ನಾ ಬರೇ ಟೂರಿನವ ಆಗಿದ್ರ ಈ ಪಟ್ಟಿ ಮ್ಯಾಲ ನನ್ನ ಹೆಸರ ಬರೀರಿ. ಬರದ್ರ ನಾ ಏನೂ ಕೇಳೂದಿಲ್ಲ, ಚೀಲಾ ತಗೊಂಡ ಹೊಕ್ಕೇನಿ, ಪುಣೆಕ್ಕೂ ಹೊಕ್ಕೇನಿ."

ನೀಲಮ ಪೆನ್ನು ತೆಗೆದುಕೊಂಡಳು. ಬಿಳಿ ಪಟ್ಟಿಯನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿಹಿಡಿದಳು. ಅವಳು ಅವನ ಮುಖ ನೋಡಿದಳು. ಅದು ಪ್ರತಿವರ್ಷದ ಅದೇ ಒಂದು ಗಳಿಗೆಯ ನೋಟ. ಆದರೆ ಈ ಸಲ ಗಳಿಗೆ ಕಳೆದರೂ ಅವಳು ಕಣ್ಣು ತೆಗೆಯಲಿಲ್ಲ, ಒಳಗೆ ಹೋಗಲಿಲ್ಲ. ತುಟಿಯ ಮೂಲೆಯಲ್ಲಿ ಎಲ್ಲೋ ಅಡಗಿದ್ದ ಕೀಟಲೆಯೊಂದು ಮೆಲ್ಲಗೆ ಹೊರಗೆ ಬಂತು. ಪೆನ್ನಿನ ಮುಚ್ಚಳ ಹಾಕಿ, ಅದನ್ನು ಅವನ ಅಂಗಿಯ ಜೇಬಿನಲ್ಲಿ, ಗುಳಿಗೆಗಳ ಪಕ್ಕ ಇಟ್ಟಳು. ಇಟ್ಟ ಬೆರಳು ಜೇಬಿನ ಮೇಲೆ ಒಂದು ಕ್ಷಣ ಹೆಚ್ಚೇ ಉಳಿಯಿತು.

"ನನ್ನ ಕೈ ಈಗೂ ನಡೆಯೂದಿಲ್ರಿ," ಎಂದಳು.

ಹೊರಗೆ ಮಲಕವ್ವ ಯಾರಿಗೋ ಬೂಟಿನ ವಿಷಯ ಜೋರಾಗಿ ಹೇಳತೊಡಗಿದ್ದಳು. ಒಳಗಿನ ಮಾತು ಹೊರಗೆ ಕೇಳದಿರಲಿ ಎಂದೇ ಇರಬೇಕು.

ಭರತ ಹಿಂಬಾಗಿಲ ಕಡೆ ನೋಡಿದ. ಸೂರ್ಯ ಚಪ್ಪರದ ಅಂಚಿಗೆ ಬಂದಿದ್ದ.

"ಮುಂಜಾನಿಂದ ಏನರೆ ತಿಂದೀರಿ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ನೆನಪಿಗೇ ಬಂದಿರಲಿಲ್ಲ. ಇನ್ನು ಹೊತ್ತು ಮುಳುಗಿದರೆ ನಾಳೆಯವರೆಗೆ ಅವಳು ಏನೂ ಮುಟ್ಟುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಮೂಲೆಯಲ್ಲಿದ್ದ ಮಣೆ ಎಳೆದು ಹಾಕಿ, ಕೂಡ್ರಿ, ಎಂದ. ಯಾರಾದರೂ ತನ್ನನ್ನು ಕೂಡಿಸಿ ಎಷ್ಟು ವರ್ಷವಾಗಿತ್ತೋ, ನೀಲಮ ಏನು ಮಾಡಬೇಕೆಂದು ತಿಳಿಯದವಳಂತೆ ಮಣೆಯನ್ನೇ ನೋಡಿದಳು. ಆಮೇಲೆ ಕುಳಿತಳು. ಅವನು ತನ್ನ ಚೀಲದಿಂದ ಒಂದು ಹೋಳಿಗೆ ತೆಗೆದು ಎರಡು ಮಾಡಿ, ದೊಡ್ಡ ಚೂರನ್ನು ಅವಳಿಗೆ ಕೊಟ್ಟು ಎದುರಿಗೆ ನೆಲದ ಮೇಲೆ ಕುಳಿತ.

ಅವಳು ತಿನ್ನುತ್ತಾ ತಿನ್ನುತ್ತಾ ಅಳತೊಡಗಿದಳು. ಅವನು ತಡೆಯಲಿಲ್ಲ. ನೀರಿನ ತಂಬಿಗೆ ತಂದು ಪಕ್ಕದಲ್ಲಿಟ್ಟ.

"ಆಷಾಢದಾಗ ಬೀಗ ಹಾಕಾಕ ಬರೂದಿಲ್ರಿ," ಎಂದ ಭರತ. "ಆಫೀಸಿಗೆ. ಚಲೋ ತಿಂಗಳಲ್ಲ ಅಂತಾರ."

ಅವಳು ಅಳುವಿನ ನಡುವೆಯೇ ನಕ್ಕಳು. "ಶ್ರಾವಣದಾಗ?"

"ಶ್ರಾವಣದಾಗ ಬ್ಯಾರೆ ಕೆಲಸ ಐತ್ರಿ. ಆಯಿನ ಕೇಳಿ ಹೇಳತೇನಿ."

ಮರುದಿನ ಬೆಳಿಗ್ಗೆ ಯಾಕೂಬನ ಗಾಡಿ ಮುಂಬಯಿಗೆ ಹೊರಟಿತು. ನೀಲಮ ಎಲ್ಲರ ಕೈಚೀಲ ಎತ್ತಿಕೊಟ್ಟಳು, ಅತ್ತೆಯ ಸ್ವೆಟರಿನ ಗುಂಡಿ ಹಾಕಿದಳು, ಪಾಸ್‌ಪೋರ್ಟ್ ಇಟ್ಟಿದ್ದೀರಾ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಭರತ ಕೊನೆಗೆ ಹತ್ತಿದ. ಅವಳು ಅವನ ಕಿಟಕಿಯ ಹತ್ತಿರ ಬಂದು, ಐಫೆಲ್ ಟವರ್ ಈ ಸಲ ಹತ್ತಿ ಬರ್ರಿ, ನಾ ಕೇಳಬೇಕು ಹ್ಯಾಂಗ ಕಾಣತೈತಿ ಅಂತ, ಎಂದಷ್ಟೇ ಹೇಳಿ ಹಿಂದೆ ಸರಿದಳು. ಅವಳು ಸಣ್ಣದಾಗುವವರೆಗೂ ಅವನು ಕಿಟಕಿಯಿಂದ ಕತ್ತು ಒಳಗೆ ತೆಗೆಯಲಿಲ್ಲ. ಅಣ್ಣಾ, ಕಂಬಕ್ಕ ತಲಿ ಬಡೀತೈತಿ, ಎಂದು ಯಾಕೂಬ ಗದರಿಸಬೇಕಾಯಿತು.

ಮಿರಜ ದಾಟುವಷ್ಟರಲ್ಲಿ ಜಿನೇಂದ್ರ ಕಾಕಾನಿಗೆ ಹಸಿವಾಯಿತು. ಹಿಂದಿನ ಸೀಟಿನಿಂದ ಬಾಗಿ, ಭರತನ ತೊಡೆಯ ಮೇಲಿದ್ದ ಚೀಲದ ಕಡೆ ಕೈ ಚಾಚಿದರು.

"ಒಂದ ಹೋಳಿಗಿ ಕೊಡಪಾ. ಹೆಂಗೂ ಅದಕ ಹೆಸರಿಲ್ಲ."

ಇಷ್ಟು ವರ್ಷದಲ್ಲಿ ಯಾತ್ರಿಕರಿಗೆ ಒಮ್ಮೆಯೂ ಇಲ್ಲ ಎನ್ನದ ಭರತ ಚೀಲವನ್ನು ಎರಡೂ ಕೈಯಿಂದ ತನ್ನ ಕಡೆ ಎಳೆದುಕೊಂಡ. ಮುಂದಿನ ಸೀಟಿನಲ್ಲಿ ಮಲಕವ್ವ ಹೊಸ ಬೂಟಿನ ಕಾಲು ಕುಣಿಸುತ್ತಾ ಕಿಟಕಿಯಾಚೆ ನೋಡುತ್ತಿದ್ದಳು.

"ಇಲ್ಲ ಕಾಕಾ," ಎಂದ. "ಹೆಸರಿಲ್ಲ. ಅದಕ್ಕ ಇದು ನಂದು."